ಕರ ಇಳಿದ ವರ್ಷದ ಕರೆಗಂಟೆ

ಕಂಪನಿಗಳ ಮೇಲಿನ ತೆರಿಗೆ ಇಳಿದ ದಿನ ಮಾವ ಕುಣಿದದ್ದನ್ನು ಕಾರ್ಖಾನೆಯವರೆಲ್ಲ ಕಣ್ಣಾರೆ ನೋಡಿದರು. ಕುಣಿತ ಅಂದರೆ ಮಾವನ ಮೈಗೆ ತಕ್ಕ ಕುಣಿತ. ಎಡಗಾಲು ಎತ್ತಿದ, ಅದನ್ನು ಎಲ್ಲಿಗೆ ಕಳಿಸಬೇಕೆಂದು ಮರೆತ, ಎತ್ತಿದಲ್ಲೇ ಕೆಳಗಿಟ್ಟ. ಅಷ್ಟಕ್ಕೇ ಜೋಡಣೆ ವಿಭಾಗದ ಹೆಂಗಸರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬದಿಗಿಟ್ಟು ಚಪ್ಪಾಳೆ ತಟ್ಟಿದರು. ಗೋಡೆಯ ಟೀವಿಯಲ್ಲಿ ಮಂತ್ರಿಗಳು ಇನ್ನೂ ಮಾತಾಡುತ್ತಲೇ ಇದ್ದರು.

"ಕರ ಇಳೀತು!" ಎಂದು ಮಾವ ಘಂಟಾಘೋಷವಾಗಿ ಸಾರಿದ. ಕರೆಗಂಟೆ ಮಾಡುವ ಕಂಪನಿಯ ಯಜಮಾನ ಇನ್ನು ಬೇರೆ ಹೇಗೆ ಸಾರಿಯಾನು?

"ಆದ್ರೇ..." ಎಂದಿತು ಹಿಂದಿನಿಂದೊಂದು ದನಿ. ಮೂಗಿನಲ್ಲಿ ಹುಟ್ಟಿ ಗಂಟಲಿಗಿಳಿದು ಅಲ್ಲೇ ಕಾಲು ಚಾಚಿ ಕೂತ ದನಿ.

ಮಾವನ ಮುಖ ಇಳಿಯಿತು. ಲೆಕ್ಕ ತಪಾಸಣೆಯ ಆಡಿಟರು ಯಾವಾಗ ಬಂದರಪ್ಪಾ ಎಂದು ತಿರುಗಿ ನೋಡಿದರೆ ಆಡಿಟರೂ ಇಲ್ಲ, ಅವರ ಚೀಲವೂ ಇಲ್ಲ. ಮೆಟ್ಟಿಲ ಮೇಲೆ ಸೋದರ ಸೊಸೆ ಮೂಗು ಹಿಡಿದುಕೊಂಡು ನಿಂತಿದ್ದಾಳೆ.

"ಥೂ ಗಿಳಿ! ಎದೆ ಒಡೆದುಬಿಡ್ತಿತ್ತು ಕಣೇ!"

ಅವಳಿಗೊಂದು ಹೆಸರೂ ಇತ್ತು, ಆದರೆ ಸಂಬಳದ ದಿನ ಬಿಟ್ಟರೆ ಅದು ಯಾರಿಗೂ ನೆನಪಾಗುತ್ತಿರಲಿಲ್ಲ. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಎತ್ತಿ ಬಾಯಿಗೆ ಹಾಕಿಕೊಳ್ಳುವವಳು, ಹಾಗಾಗಿ ಗಿಳಿ. ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿದ ಮೇಲೆ ಅಜ್ಜಿಯ ಮನೆಯಲ್ಲೇ ಉಳಿದು, ಕಂಪನಿಯ ಸಂಶೋಧನಾ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದಳು. ವಿಭಾಗದಲ್ಲಿ ಮುಖ್ಯಸ್ಥೆಯೂ ಅವಳೇ, ಸಿಬ್ಬಂದಿಯೂ ಅವಳೇ, ಮಧ್ಯಾಹ್ನ ತೂಕಡಿಸುವವಳೂ ಅವಳೇ.

ಕೆಳಗೆ ಕಾರ್ಖಾನೆ, ಮೇಲೆ ಮನೆ, ನಡುವಿನ ಮಹಡಿಯಲ್ಲಿ ಆ ಕೋಣೆ. ಅದರೊಳಗೆ ಕಾಲಿಟ್ಟವರು ಮೊದಲು ಎಡವುವುದು ದೊಡ್ಡದೊಂದು ಡೋಲಿಗೆ. ಅದನ್ನು ದಾಟಿದರೆ ಮುಂದಿನ ಒಂದು ಕಾಲು ಗಿಡ್ಡವಾಗಿದ್ದ ಹಳೇ ಪಿಯಾನೋ. ಪಕ್ಕದಲ್ಲಿ ಒಳಗೆಲ್ಲ ಸ್ಪಂಜು ಬಡಿದ, ಒಬ್ಬರು ಮಾತ್ರ ಉಸಿರು ಬಿಗಿಹಿಡಿದು ನಿಲ್ಲಬಹುದಾದ, ಸದ್ದು ಹೊರಹೋಗದ ಪೆಟ್ಟಿಗೆ. ಮೈಕುಗಳು, ಗಾಜಿನ ಬಟ್ಟಲುಗಳು, ಹಡಗಿನದೋ ಏನೋ ಒಂದು ಹಿತ್ತಾಳೆ ಗಂಟೆ. ಇಷ್ಟೂ ಸಾಮಾನು ಕೊಂಡದ್ದು ಬೇರೆ ಬೇರೆ ವರ್ಷಗಳಲ್ಲಾದರೂ ಒಂದೇ ವಾರದಲ್ಲಿ.

ಅದು ಖರ್ಚುವಾರ. ಲೆಕ್ಕದ ವರ್ಷ ಮುಗಿಯುವ ಕಡೇ ವಾರಕ್ಕೆ ಕಾರ್ಖಾನೆಯಲ್ಲಿದ್ದ ಹೆಸರು. ವರ್ಷವಿಡೀ ಮೋಟು ಪೆನ್ಸಿಲ್ಲನ್ನು ಉಗುರಲ್ಲಿ ಹಿಡಿದು ಬರೆಯುವ ಮಾವ ಆ ವಾರ ಮಾತ್ರ ದೊರೆಯಾಗುತ್ತಿದ್ದ. "ಲಾಭ ಉಳಿದಿದೆ ಕಣ್ರೋ! ಇಟ್ಕೊಂಡ್ರೆ ದೊಡ್ಡ ಪಾಲು ತೆರಿಗೆಗೆ ಹೋಗುತ್ತೆ. ಏನಾದ್ರೂ ಬೇಕಾದ್ರೆ ಈಗ್ಲೇ ಬೊಗಳಿ!" ಎಂದು ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ. ಅದರಲ್ಲೂ ಸಂಶೋಧನೆಗೆ ಕಾನೂನಿನಲ್ಲಿ ವಿಶೇಷ ರಿಯಾಯಿತಿ ಇತ್ತು. ಒಂದು ರೂಪಾಯಿ ಸುರಿದರೆ ಒಂದೂವರೆ ಸುರಿದ ಹಾಗೆ ಲಾಭದಲ್ಲಿ ಕಳೆದು ತೋರಿಸಬಹುದಿತ್ತು. ಹಾಗಾಗಿ ಡೋಲು, ಹಾಗಾಗಿ ಪಿಯಾನೋ.

"ನಂಗೇನು ಹುಚ್ಚಾ? ಇದೆಲ್ಲ ತೆರಿಗೆಗೋಸ್ಕರ ಕಣೇ," ಎಂದು ಮಾವ ಪ್ರತಿ ಸಲವೂ ಹೇಳುತ್ತಿದ್ದ. ಹೇಳಿ, ಮಧ್ಯಾಹ್ನ ಯಾರೂ ಇಲ್ಲದಾಗ ಬಂದು ಒಂದೇ ಬೆರಳಲ್ಲಿ ಪಿಯಾನೋದ ಎಡತುದಿಯ ದಪ್ಪ ಸ್ವರದ ಕೀಗಳನ್ನು ಒತ್ತುತ್ತಿದ್ದ. ಡೊಂಯ್. ಒತ್ತಿ, ಅದು ಪೂರ್ತಿ ಕರಗುವವರೆಗೆ ಕೇಳಿಸಿಕೊಂಡು, ಯಾರೂ ನೋಡಲಿಲ್ಲವೆಂದು ತಿಳಿದು ಕೆಳಗಿಳಿಯುತ್ತಿದ್ದ.

ನಿಜವಾದ ಆಡಿಟರು ಮಾರನೆಯ ದಿನ ಬಂದರು. ಕಾಫಿ ಕುಡಿದರು. ಬಟ್ಟಲು ಕೆಳಗಿಟ್ಟು, ಗಿಳಿ ಹಿಂದಿನ ದಿನ ಮಾಡಿದಷ್ಟೇ ಉದ್ದಕ್ಕೆ "ಆದ್ರೇ..." ಎಂದರು. ಬಾಗಿಲ ಹೊರಗಿದ್ದ ಜೋಡಣೆ ಅಕ್ಕ, ಅಂದರೆ ಜೋಡಣೆ ವಿಭಾಗದ ಮೇಲ್ವಿಚಾರಕಿ, ಬಾಯಿಗೆ ಸೆರಗು ಅಡ್ಡ ಹಿಡಿದಳು.

"ರೇಟು ಇಳಿದಿದೆ, ನಿಜ. ಆದ್ರೆ ಹೊಸ ರೇಟು ಬೇಕು ಅಂದ್ರೆ ಹಳೇ ರಿಯಾಯಿತಿ ಎಲ್ಲಾ ಕೈಬಿಡ್ಬೇಕು. ರಿಯಾಯಿತಿ ಬೇಕು ಅಂದ್ರೆ ಹಳೇ ರೇಟಲ್ಲೇ ಇರಿ. ಒಂದ್ಸಲ ಈ ಕಡೆಗೆ ಬಂದ್ರೆ ಆ ಕಡೆಗೆ ವಾಪಸ್ ಹೋಗೋ ಹಾಗಿಲ್ಲ."

"ಯಾವುದ್ರಲ್ಲಿ ಜಾಸ್ತಿ ಉಳಿಯುತ್ತೆ?"

"ಹೊಸದ್ರಲ್ಲಿ. ಅನುಮಾನವೇ ಇಲ್ಲ."

"ಸಂಶೋಧನೆ ಕೋಣೆ?"

"ಇಟ್ಕೊಳ್ಳಿ, ಬೇಡ ಅಂದೋರ್ಯಾರು? ಮಾಡಿದ ಖರ್ಚು ಖರ್ಚೇ. ಆದ್ರೆ ರೂಪಾಯಿ ಹಿಂದೆ ಇದ್ದ ಆ ಅರ್ಧ ರೂಪಾಯಿ ಬಾಲ ಇರಲ್ಲ."

ಮಾವ ಗಿಳಿಯ ಕಡೆ ನೋಡಲಿಲ್ಲ. ಮೋಟು ಪೆನ್ಸಿಲ್ಲಿನಿಂದ ಕಿವಿ ಕೆರೆದುಕೊಂಡು, "ಖರ್ಚುವಾರದ ಹೊತ್ತಿಗೆ ಆ ಕೋಣೆ ಖಾಲಿ ಮಾಡೋಣ. ಪ್ಯಾಕಿಂಗ್ ಡಬ್ಬ ಇಡೋಕೆ ಜಾಗ ಇಲ್ಲ," ಎಂದ.

"ಮತ್ತೆ ನಾನು?" ಎಂದಳು ಗಿಳಿ, ಈ ಸಲ ಅವಳದೇ ದನಿಯಲ್ಲಿ.

"ಮಾರಾಟಕ್ಕೆ ಹೋಗು. ಬಾಯಿ ಇದೆ ನಿಂಗೆ." ಆಮೇಲೆ ಮೆತ್ತಗೆ, "ನೋಡೇ, ಎರಡು ವರ್ಷದಿಂದ ನಿನ್ನ ಒಂದು ಗಂಟೆನಾದ್ರೂ ಅಜ್ಜಿ ಪಾಸು ಮಾಡಿದ್ದಾಳಾ? ತೆರಿಗೆ ಉಳೀತಿತ್ತು, ಸುಮ್ನಿದ್ದೆ. ಈಗ ಏನಂತ ಇಟ್ಕೊಳ್ಳಲಿ?"

ಅಜ್ಜಿಯ ಪರೀಕ್ಷೆ ಈ ಕಂಪನಿಯ ಹುಟ್ಟಿನಿಂದ ಬಂದದ್ದು. ಊಟವಾದ ಮೇಲೆ ಅಜ್ಜಿ ಮಲಗಿದಾಗ ಮನೆ ಬಾಗಿಲಿಗೆ ಹೊಸ ಗಂಟೆ ಕಟ್ಟಿ ಒತ್ತಬೇಕು. ಅಜ್ಜಿ ಎದ್ದು ಬಂದು ಬಾಗಿಲು ತೆಗೆದರೆ ಪಾಸು. ಮಗ್ಗುಲು ಬದಲಿಸಿದರೆ ಫೇಲು. ತಾತ ಬದುಕಿದ್ದಾಗ ಮಾಡಿದ ಮೊದಲ 'ಟಿಂಗ್'ನಿಂದ ಹಿಡಿದು ಅಂಗಡಿಗೆ ಹೋದ ಎಲ್ಲ ಗಂಟೆಗಳೂ ಅಜ್ಜಿಯನ್ನು ಎಬ್ಬಿಸಿಯೇ ಹೋದವು. ಇತ್ತೀಚೆಗೆ ಮಾತ್ರ ಅಜ್ಜಿ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಗಿಳಿಯೂ ಬಿಡಲಿಲ್ಲ. ಗಂಟೆ ಫೇಲಾದಾಗಲೆಲ್ಲ ಸ್ವರವನ್ನು ಇನ್ನಷ್ಟು ತೆಳುವಾಗಿ, ಇನ್ನಷ್ಟು ಚೂಪಾಗಿ ಮಾಡಿದಳು. ಕಡೆಯದಂತೂ ಸೂಜಿ. ಒತ್ತಿದರೆ ಬೀದಿಯ ನಾಯಿಗಳೆಲ್ಲ ತಲೆಯೆತ್ತುತ್ತಿದ್ದವು, ಅಜ್ಜಿ ಮಾತ್ರ ಗೊರಕೆ.

"ಜಾಣಕಿವುಡು," ಎಂದು ಮನೆಯವರ ತೀರ್ಮಾನ. ಯಾಕೆಂದರೆ ಮಾವ ಮಹಡಿಯ ತುದಿಯಲ್ಲಿ ಗೊಣಗಿದರೂ ಅಜ್ಜಿಗೆ ಕೇಳುತ್ತಿತ್ತು.

ಉಳಿಯಲಿರುವ ತೆರಿಗೆ ಕೈಗೆ ಬರುವುದಕ್ಕೆ ಮೊದಲೇ ಮನೆಯಲ್ಲಿ ಖರ್ಚಾಗತೊಡಗಿತು. ಅದು ಷೇರುದಾರರ ಪಾಲು ಎಂದು ಚಿಕ್ಕಮ್ಮ ಬಂದು ಕೂತಳು. ಚಿಕ್ಕಮ್ಮ ಮಾವನ ತಂಗಿ. ಮುಂದಿನ ಎರಡು ಹಲ್ಲಿನ ನಡುವೆ ಸಂದಿಯಿದ್ದುದರಿಂದ ಅವಳ ಒಂದೊಂದು 'ಸ'ಕಾರವೂ ಸೀಟಿ ಹೊಡೆದುಕೊಂಡು ಹೊರಬರುತ್ತಿತ್ತು. "ಸರ್ಕಾರ ಸುಮ್ನೆ ಇಳಿಸುತ್ತಾ? ಷೇರಿರೋರಿಗೆ ಸಿಗಲಿ ಅಂತಾನೇ ಇಳಿಸಿರೋದು. ಈ ಸಲ ನಂಗೆ ಕಿವಿಗೆ ಹೊಸ ಓಲೆ."

"ಓಲೆ ಆಮೇಲೆ," ಎಂದಳು ಜೋಡಣೆ ಅಕ್ಕ, ಸಂಬಳದ ಮಾತಾಡಲು ಬಂದವಳು. "ಗಂಟೆ ಜೋಡ್ಸೋದು ನಮ್ಮ ಬೆರಳು. ಮಂತ್ರಿಗಳ ಭಾಷಣದಲ್ಲಿ ಕೆಲಸದೋರಿಗೂ ಒಳ್ಳೇದಾಗುತ್ತೆ ಅಂತ ಬಂತಲ್ಲ, ನಾನೇ ಕೇಳಿದೀನಿ."

"ನಂಗೆ ಗಂಟೆ ಡಬ್ಬ ಅಚ್ಚು ಹಾಕೋ ಹೊಸ ಮೆಷೀನು ಬೇಕು," ಎಂದ ಮಾವ.

ಮೂವರೂ ಹೀಗೆ ಜಗ್ಗಾಡುತ್ತಿರುವಾಗಲೇ ಎದುರು ಕಂಪನಿಯವರು ಗಂಟೆಯ ಬೆಲೆ ಇಳಿಸಿಬಿಟ್ಟರು. ಅವರಿಗೂ ತೆರಿಗೆ ಇಳಿದಿತ್ತಲ್ಲ! ಅಂಗಡಿಯವರು ಮಾವನಿಗೆ ಫೋನು ಮಾಡಿ, "ನೀವೂ ಇಳಿಸಿ, ಇಲ್ಲದಿದ್ರೆ ನಿಮ್ಮ ಡಬ್ಬ ಕಪಾಟಿನ ಮೇಲಕ್ಕೆ ಹೋಗುತ್ತೆ," ಅಂದರು. ಮಾವ ಆಡಿಟರ ಮುಂದೆ ಗೋಳಾಡಿದ.

"ಅಲ್ರೀ, ಉಳೀತು ಅಂದ್ರಲ್ಲ ನೀವು?"

"ಉಳೀತು. ಆದ್ರೇ... ಎಲ್ಲರಿಗೂ ಉಳೀತು. ಎಲ್ಲರ ಕೈಗೂ ಒಂದೇ ಕತ್ತಿ ಕೊಟ್ರೆ ಯುದ್ಧ ಗೆಲ್ಲೋದು ಕತ್ತಿಯಿಂದ ಅಲ್ಲ ಸ್ವಾಮಿ."

"ಮತ್ಯಾವುದ್ರಿಂದ?"

"ಅದು ಲೆಕ್ಕದ ಪುಸ್ತಕದಲ್ಲಿ ಬರಲ್ಲ," ಎಂದು ಆಡಿಟರು ಚೀಲ ಹೆಗಲಿಗೇರಿಸಿದರು.

ಖರ್ಚುವಾರ ಹತ್ತಿರವಾಯಿತು. ಪ್ಯಾಕಿಂಗ್ ಡಬ್ಬಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಬರತೊಡಗಿದವು. ಗಿಳಿ ಮಾದರಿ ಗಂಟೆಗಳ ಪೆಟ್ಟಿಗೆ ಹೊತ್ತು ಅಂಗಡಿಯಿಂದ ಅಂಗಡಿಗೆ ಅಲೆಯುವ ಕನಸು ಕಂಡು, ಕನಸಿನಲ್ಲೇ ಬೆವತು, ಮಧ್ಯಾಹ್ನ ಅಜ್ಜಿಯ ಮಂಚದ ತುದಿಯಲ್ಲಿ ಬಂದು ಕೂತಳು. ಮುಖ ಊದಿತ್ತು.

ಅಜ್ಜಿಗೆ ಅವಳದೇ ದುಃಖ. "ಟೀಚರಮ್ಮ ಈ ಕಡೆ ತಲೆ ಹಾಕೋದೇ ಬಿಟ್ಟಳು. ದಿನಾ ಇಸ್ಪೀಟಿಗೆ ಬರ್ತಿದ್ದೋಳು. ಸೋತು ಸೋತು ಬೇಜಾರಾಯ್ತೋ, ಇಲ್ಲಾ ದೊಡ್ಡೋಳಾಗಿಬಿಟ್ಟಳೋ. ಹೋಗ್ಲಿ ಬಿಡು. ಮೊನ್ನೆ ಎಲ್ಲರೂ ಸೇರಿ ಜಗಳ ಆಡಿದ್ರಂತಲ್ಲ, ಅದನ್ನ ಮಾಡಿ ತೋರ್ಸು. ನಗಾಡಿ ಎಷ್ಟು ದಿನ ಆಯ್ತು."

ಗಿಳಿ ಮೂಗು ಹಿಡಿದು ಆಡಿಟರಾದಳು. ಅಜ್ಜಿಯ ಹೊಟ್ಟೆ ಕುಲುಕಿತು. ಹೊಟ್ಟೆ ಮುಂದಕ್ಕೆ ಬಿಟ್ಟು, ದನಿಯನ್ನು ನೆಲಮಾಳಿಗೆಗೆ ಇಳಿಸಿ ಮಾವನಾದಳು. ಅಜ್ಜಿ ಕಣ್ಣೊರೆಸಿಕೊಂಡಳು. ಕಡೆಗೆ ಕತ್ತು ಕೊಂಕಿಸಿ, ಹಲ್ಲಿನ ಸಂದಿಯಲ್ಲಿ ಗಾಳಿ ಬಿಟ್ಟು, "ಸರ್ಕಾರ ಸುಮ್ನೆ ಇಳಿಸುತ್ತಾ?" ಎಂದು ಚಿಕ್ಕಮ್ಮನಾದಳು. ಕೋಣೆಯೆಲ್ಲ ಸೀಟಿ.

ಅಜ್ಜಿ ನಗಲಿಲ್ಲ. "ಹೂಂ, ಮಾಡು ಚಿಕ್ಕಮ್ಮನ್ನ."

"ಮಾಡಿದ್ನಲ್ಲ ಅಜ್ಜಿ!"

"ಅದು ಚಿಕ್ಕಮ್ಮ ಅಂತ ನೀನೇ ಹೇಳ್ಬೇಕು. ಬರೀ ಬಾಯಾಡಿಸ್ತೀಯ. ಸೀಟಿ ಎಲ್ಲೇ? ಮುಂಚೆ ಎಷ್ಟು ಚೆನ್ನಾಗಿ ಸೀಟಿ ಹಾಕ್ತಿದ್ದೆ."

ಗಿಳಿಗೆ ಮೊದಲು ಸಿಟ್ಟು ಬಂತು. ತನ್ನ ಚಿಕ್ಕಮ್ಮನಲ್ಲಿ ಸೀಟಿ ಇಲ್ಲವೆಂದರೆ! ಮತ್ತೆ ಹಾಕಿದಳು, ಪಕ್ಕಕ್ಕೆ ಬಂದು ಹಾಕಿದಳು, ಕೆನ್ನೆ ನೋಯುವ ಹಾಗೆ ಹಾಕಿದಳು. ಅಜ್ಜಿ ಅವಳ ಬಾಯನ್ನೇ ಪಾಪ ಎನ್ನುವಂತೆ ನೋಡುತ್ತಿದ್ದಳು. ಆಗ ಸಿಟ್ಟು ಇಳಿದು ಬೇರೆಯದೇನೋ ತಲೆಗೆ ಏರಿತು. ಗಿಳಿ ಧಡಧಡ ಇಳಿದು ಹೋಗಿ, ಡೋಲಿಗೆ ಎಡವಿ, ಸ್ವರ ಹೊರಡಿಸುವ ಯಂತ್ರವನ್ನೂ ಒಂದು ಸ್ಪೀಕರನ್ನೂ ತಬ್ಬಿಕೊಂಡು ಓಡಿಬಂದಳು.

"ಕೇಳ್ಸಿದಷ್ಟು ಹೊತ್ತೂ ಹೂಂ ಅನ್ನು ಅಜ್ಜಿ."

ತಿರುಪನ್ನು ಕೆಳಗಿನ ದಪ್ಪ ಸ್ವರದಿಂದ ನಿಧಾನಕ್ಕೆ ಮೇಲಕ್ಕೆ ತಿರುಗಿಸಿದಳು. "ಹೂಂ," ಎಂದಳು ಅಜ್ಜಿ. "ಹೂಂ... ಹೂಂ... ಹೂಂ..." ಸ್ವರ ಏರಿತು, ತೆಳುವಾಯಿತು, ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಅಜ್ಜಿ ಸುಮ್ಮನಾದಳು. ಕೆಳಗಿನಿಂದ ಜೋಡಣೆ ಅಕ್ಕ, "ಯಾರಮ್ಮಾ ಅದು! ಕಿವಿ ತೂತು ಬೀಳ್ತಿದೆ!" ಎಂದು ಅರಚಿದಳು.

"ಏನು, ಆಫ್ ಮಾಡಿದ್ಯಾ?" ಎಂದಳು ಅಜ್ಜಿ.

ಗಿಳಿ ಯಂತ್ರ ನಿಲ್ಲಿಸಿ ಮಂಚದ ಮೇಲೆ ಕುಸಿದಳು. ಎರಡು ವರ್ಷ! ಅಜ್ಜಿಯ ಕಿವಿಯಿಂದ ಗಂಟೆಗಳನ್ನು ಅಳೆಯುತ್ತ ಬಂದ ಮನೆಯಲ್ಲಿ ಆ ಕಿವಿಯನ್ನು ಅಳೆಯಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಅಜ್ಜಿಗೆ ತೆಳು ಸ್ವರ ಕೇಳಿಸುತ್ತಿಲ್ಲವೆಂದು ತಿಳಿಯದೆ ಇವಳು ಇನ್ನೂ ತೆಳು ಮಾಡಿದ್ದೇ ಮಾಡಿದ್ದು. ವಯಸ್ಸಾದ ಹಾಗೆ ಮೊದಲು ಜಾರಿಕೊಳ್ಳುವುದು ಅವೇ ಸ್ವರಗಳು ಎಂದು ಆಮೇಲೆ ಕಿವಿ ಡಾಕ್ಟರೂ ಹೇಳಿದರು.

ಎಲ್ಲವನ್ನೂ ಬಿಡಿಸಿ ಹೇಳಿದಾಗ ಅಜ್ಜಿ ಮೊದಲು, "ನಂಗಾ? ಕಿವುಡಾ? ನಿಮ್ಮಪ್ಪನಿಗೆ!" ಎಂದು ರೇಗಿದಳು. ಆಮೇಲೆ ಬಾಗಿಲ ಮೇಲಿದ್ದ ತಾತನ ಕಾಲದ 'ಟಿಂಗ್' ಗಂಟೆಯ ಕಡೆಗೆ ನೋಡಿದಳು. ಮನೆಯವರೆಲ್ಲ ತಮ್ಮ ಕೀಲಿಯಿಂದಲೇ ಬಾಗಿಲು ತೆಗೆದು ಬರುವವರು. ಗಂಟೆ ಒತ್ತುವವರು ಹೊರಗಿನವರು ಮಾತ್ರ.

"ಹಾಗಾದ್ರೆ," ಎಂದಳು ಅಜ್ಜಿ, "ಟೀಚರಮ್ಮ ಬರ್ತಿದ್ಲಾ?"

ಪಕ್ಕದ ಕಟ್ಟಡದಲ್ಲಿದ್ದ ನಿವೃತ್ತ ಟೀಚರಮ್ಮನನ್ನು ಕೇಳಿದರೆ ಅವರು ಕನ್ನಡಕವನ್ನು ಮೂಗಿನ ತುದಿಗೆ ಎಳೆದರು. "ಬರ್ತಿದ್ನಾ? ಒತ್ತಿ ಒತ್ತಿ ಬೆರಳು ಸವೀತು! ಒಳಗೆ ಗೊರಕೆ ಕೇಳುತ್ತೆ, ಬಾಗಿಲು ತೆಗೆಯಲ್ಲ. ಬೇಡದ ಮನೆಗೆ ಎಷ್ಟು ದಿನ ಹೋಗ್ಲಿ?"

"ಇನ್ನೊಂದೇ ಒಂದು ಸಲ ಬನ್ನಿ ಟೀಚರಮ್ಮ. ನಾನು ಹೇಳಿದ ದಿನ."

ಆ ದಿನಗಳಲ್ಲಿ ಗಿಳಿ ಕೋಣೆಯಿಂದ ಹೊರಬಂದದ್ದು ಊಟಕ್ಕೆ ಮಾತ್ರ. ಹಿತ್ತಾಳೆ ಗಂಟೆ ಬಾರಿಸಿ ನೋಡಿದಳು, ಡೋಲು ಬಡಿದಳು, ಗಾಜಿನ ಬಟ್ಟಲುಗಳನ್ನು ಮುಟ್ಟಲೇ ಇಲ್ಲ. ಕಡೆಗೆ ಅವಳಿಗೆ ಬೇಕಾದದ್ದು ಸಿಕ್ಕಿದ್ದು ಪಿಯಾನೋದ ಎಡತುದಿಯಲ್ಲಿ, ಮಾವನ ಬೆರಳು ಕುಟ್ಟಿ ಕುಟ್ಟಿ ಹೊಳಪು ಬಂದಿದ್ದ ಎರಡು ಕೀಗಳಲ್ಲಿ. ಆ ಸ್ವರವನ್ನು ಹಿಡಿದು ಮರದ ಡಬ್ಬದೊಳಗೆ ಕೂರಿಸಿದಳು. ಕಿರುಚಾಟವಿಲ್ಲ. ಯಾರೋ ದೊಡ್ಡ ಮನಸ್ಸಿನವರು ಹೊಸ್ತಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ ಹಾಗೆ. ಡೊಂಯ್... ಡೊಂವ್.

ವರ್ಷದ ಸಭೆ ಖರ್ಚುವಾರದ ಕಡೇ ದಿನ, ಮೇಲಿನ ಮನೆಯ ಹಜಾರದಲ್ಲಿ. ದೊಡ್ಡ ಪಾಲು ಅಜ್ಜಿಯದಾದರೂ ಅಜ್ಜಿ ಒಳಗೆ ಮಲಗಿದ್ದಳು. ಸಹಿ ಹಾಕುವ ಹೊತ್ತಿಗೆ ಎಬ್ಬಿಸಿದರಾಯಿತು ಎಂದು ವಾಡಿಕೆ. ಮಾವ, ಚಿಕ್ಕಮ್ಮ, ಆಡಿಟರು ಮೇಜಿನ ಸುತ್ತ, ಸಂಬಳದ ಮಾತು ಬಂದರೆ ಇರಲಿ ಎಂದು ಜೋಡಣೆ ಅಕ್ಕ ಬಾಗಿಲ ಬಳಿ. ಡಬ್ಬಗಳು ಕೋಣೆಯ ಹೊಸ್ತಿಲವರೆಗೂ ಬಂದು ಸಾಲುಗಟ್ಟಿದ್ದವು.

"ಬೆಲೆ ಇಳಿಸಲೇಬೇಕು," ಎಂದ ಮಾವ. "ಇಳಿಸಿದ್ರೆ ಉಳಿದ ತೆರಿಗೆ ಅರ್ಧ ಗಿರಾಕಿ ಜೇಬಿಗೆ. ಅವರು ಇನ್ನೂ ಇಳಿಸಿದ್ರೆ ನಾವೂ ಇನ್ನೂ..."

"ಸರಿಹೋಯ್ತು," ಎಂದು ಸೀಟಿ ಹೊಡೆದಳು ಚಿಕ್ಕಮ್ಮ.

"ಮಾವ, ಒಂದೇ ಒಂದು ಪರೀಕ್ಷೆ," ಎಂದಳು ಗಿಳಿ. "ಫೇಲಾದ್ರೆ ಡಬ್ಬ ನಾನೇ ಜೋಡಿಸ್ತೀನಿ."

ಮಾವ ಬೇಡವೆನ್ನುವಷ್ಟರಲ್ಲಿ ಬಾಗಿಲ ಮೇಲಿಂದ ಕೇಳಿತು. ಡೊಂಯ್... ಡೊಂವ್.

ಮಾವ ಬಾಯಿ ತೆರೆದು ಹಾಗೇ ಕೂತ. ಅದು ಯಾವ ಸ್ವರವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಕಿವಿಯ ತುದಿ ಕೆಂಪಾಯಿತು. ಗಿಳಿ ಒಳಕೋಣೆಯ ಪರದೆಯನ್ನೇ ನೋಡುತ್ತಿದ್ದಳು. ಪರದೆ ಅಲುಗಲಿಲ್ಲ. ಚಿಕ್ಕಮ್ಮ ಕೆಮ್ಮಿದಳು. ಆಗ ಮಂಚ ಕಿರ್ರ್ ಎಂದಿತು.

ಅಜ್ಜಿ ಬಿಚ್ಚಿದ ಕೂದಲನ್ನು ಸುತ್ತಿಕೊಳ್ಳುತ್ತ ಹೊರಗೆ ಬಂದಳು. "ಯಾರೋ ಬಂದಿದ್ದಾರೆ ಕಣ್ರೋ! ಇಷ್ಟು ಜನ ಕಂಬದ ಥರ ಕೂತಿದ್ದೀರಿ, ಒಬ್ಬರ ಕೈಲಾದ್ರೂ ಬಾಗಿಲು ತೆಗೆಯೋಕೆ ಆಗಲ್ವಾ?" ಎಂದು ಬೈದು, ತಾನೇ ಹೋಗಿ ಚಿಲಕ ತೆಗೆದಳು.

ಹೊರಗೆ ಟೀಚರಮ್ಮ, ಸೊಂಟದ ಮೇಲೆ ಕೈ.

"ಅಂತೂ ತೆಗೆದೆಯಾ ತಾಯಿ!"

"ಅಂತೂ ಬಂದೆಯಾ!"

"ನಾನು ದಿನಾ ಬರ್ತಿದ್ದೆ."

"ನಾನೂ ದಿನಾ ಒಳಗೇ ಇದ್ದೆ. ಬಾ, ನಿನ್ನ ಬಾಕಿ ಆಟ ಹಾಗೇ ಇದೆ."

ಇಬ್ಬರೂ ಸಭೆಯ ನಡುವೆಯೇ ಹಾದು, ಯಾರನ್ನೂ ಲೆಕ್ಕಕ್ಕಿಡದೆ ಒಳಗೆ ಹೋದರು. ಇಸ್ಪೀಟು ಕಲೆಸುವ ಸದ್ದು ಬಂತು.

ಮೊದಲು ಮಾತಾಡಿದವರು ಆಡಿಟರು, ಅದೂ "ಆದ್ರೇ" ಇಲ್ಲದೆ. "ನಮ್ಮ ತಂದೆನೂ ಬಾಗಿಲು ತೆಗೆಯಲ್ಲ. ನನ್ನ ಮೇಲೆ ಸಿಟ್ಟು ಅಂತ ತಿಳ್ಕೊಂಡು ನಾನು ಹೋಗೋದೇ ಕಡಿಮೆ ಮಾಡಿದ್ದೆ." ಚೀಲದಿಂದ ಪೆನ್ನು ತೆಗೆದರು. "ಒಂದು ನಂಗೆ ಕೊಡಿ. ಬಿಲ್ಲು ಹಾಕಿ."

"ನಮ್ಮತ್ತೆಗೊಂದು," ಎಂದಳು ಬಾಗಿಲ ಬಳಿಯಿಂದ ಜೋಡಣೆ ಅಕ್ಕ. "ಹತ್ತು ಸಲ ಒತ್ತಿದ್ರೆ ಒಂದು ಸಲ ಬರ್ತಾರೆ."

ಚಿಕ್ಕಮ್ಮನ ಕಣ್ಣುಗಳು ಕಿರಿದಾದವು. ವ್ಯಾಪಾರ ಅವಳ ರಕ್ತದಲ್ಲೇ ಇತ್ತು. "ಅಣ್ಣಾ, ಎದುರು ಕಂಪನಿಯೋರು ಬೆಲೆ ಇಳಿಸ್ತಾರೆ ಸರಿ. ಸ್ವರ ಇಳಿಸೋದು ಅವರಿಗೆ ಸುಲಭವಾ? ಸಾಮಾನೆಲ್ಲ ನಮ್ಮ ಕೋಣೆಯಲ್ಲಿದೆ!"

ಮಾವ ಎದ್ದು ನಿಂತ. ಎಲ್ಲರೂ ಎಡಗಾಲು ನೋಡಿದರು, ಅದು ಏಳಲಿಲ್ಲ.

"ಕೋಣೆ ಇರಲಿ," ಎಂದ.

"ರಿಯಾಯಿತಿ ಸಿಗಲ್ಲ," ಎಂದು ಆಡಿಟರು ಕರ್ತವ್ಯಕ್ಕೆಂಬಂತೆ ನೆನಪಿಸಿದರು. "ತೆರಿಗೆ ಲೆಕ್ಕದಲ್ಲಿ ಇದಕ್ಕೆ ಏನಂತ ಕಾರಣ ಹೇಳೋಣ?"

"ಕಾರಣ..." ಮಾವ ಮೋಟು ಪೆನ್ಸಿಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಿಯಾನೋ ಕೊಂಡಾಗ, ಡೋಲು ಕೊಂಡಾಗ, ಸೊಸೆಯನ್ನು ಮುಖ್ಯಸ್ಥೆ ಮಾಡಿದಾಗ, ಪ್ರತಿ ಸಲವೂ ಅವನ ಪರವಾಗಿ ಸುಳ್ಳು ಹೇಳಲು ಒಂದು ಕಾನೂನಿತ್ತು. ಈಗ ಅದೂ ಕೈಕೊಟ್ಟಿತ್ತು. "ಕಾರಣ ಏನೂ ಇಲ್ರೀ. ನಂಗೆ ಬೇಕು. ನಂಗೆ ಆ ಕೋಣೆ ಇಷ್ಟ. ಆಯ್ತಾ?"

ಗಿಳಿ ಅದನ್ನು ಅಲ್ಲೇ ಅಣಕಿಸಬಹುದಿತ್ತು, ದನಿ ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡಳು. ಜೀವನದಲ್ಲಿ ಕೆಲವು ದನಿಗಳನ್ನು ಅವರವರ ಬಾಯಲ್ಲೇ ಬಿಡಬೇಕು.

ಉಳಿದ ತೆರಿಗೆ ಎಲ್ಲಿಗೆ ಹೋಯಿತೆಂದರೆ, ಸ್ವಲ್ಪ ಹಳೇ 'ಟಿಂಗ್'ನ ಬೆಲೆ ಇಳಿಸುವುದಕ್ಕೆ, ಸ್ವಲ್ಪ ಜೋಡಣೆಯವರ ಸಂಬಳಕ್ಕೆ, ಮಿಕ್ಕದ್ದು ಹೊಸ ಗಂಟೆಯ ಅಚ್ಚಿಗೆ. "ನನ್ನ ಕಿವಿಯೋಲೆ ಅಮ್ಮನ ಕಿವಿಗೆ ಹೋಯ್ತು," ಎಂದಳು ಚಿಕ್ಕಮ್ಮ. ಹಾಗಂದರೂ ಮುಂದಿನ ವರ್ಷಕ್ಕೆ ಎಂದು ಆಡಿಟರಿಂದ ಬರೆಸಿಕೊಂಡೇ ಎದ್ದಳು.

ಸಂಜೆ ಡಬ್ಬಗಳು ಬಂದ ದಾರಿಯಲ್ಲೇ ಇಳಿಯತೊಡಗಿದವು. ಗಿಳಿ ಒಂದನ್ನು ಎತ್ತಿಕೊಂಡು ಮೆಟ್ಟಿಲಲ್ಲಿದ್ದಾಗ ಕೋಣೆಯ ಒಳಗಿನಿಂದ, ಬಾಗಿಲನ್ನು ಹಾರುಹೊಡೆದು ತೆರೆದಿಟ್ಟುಕೊಂಡೇ, ಯಾರೋ ಒಂದು ಬೆರಳಲ್ಲಿ ಒತ್ತಿದರು. ಡೊಂಯ್.

ಮೇಲೆ ಕುರ್ಚಿ ಸರಿಯಿತು. ಹೆಜ್ಜೆ ಸಪ್ಪಳ. ಚಿಲಕ ತೆಗೆದ ಸದ್ದು.

"ಯಾರೂ ಇಲ್ವಲ್ಲೇ!" ಎಂದಳು ಅಜ್ಜಿ.

"ಬಂದು ಕೂತ್ಕೋ," ಟೀಚರಮ್ಮನ ದನಿ. "ಬಂದ್ರೆ ತೆಗೀತಿರ್ಲಿಲ್ಲ, ಈಗ ಬರದಿದ್ರೂ ತೆಗೀತೀಯ. ನಿನ್ನ ಆಟ, ಹಾಕು ಎಲೆ."

ಡೊಂಯ್, ಎಂದಿತು ಕೋಣೆ ಮತ್ತೆ. ಚಿಲಕ ಮತ್ತೆ ಸರಿಯಿತು.